ಲಾಕರ್‌ಗೆ ಹಾಕುವ ಸೆಲ್

ಬೀರುವಿನಲ್ಲಿ ಕೂರಿಸಿದ ಎಲೆಕ್ಟ್ರಾನಿಕ್ ಲಾಕರ್‌ಗೆ ಗೋಡೆ ಗಡಿಯಾರದ ಅಗ್ಗದ ಸೆಲ್ ಹಾಕಬೇಡಿ. ಗಡಿಯಾರಕ್ಕೆ ಒಂಚೂರು ಕರೆಂಟು ಸಾಕು. ಲಾಕರ್ ಹಾಗಲ್ಲ, ನಂಬರ್ ಒತ್ತಿದ ಮೇಲೆ ಒಳಗೆ ಬೀಗ ಬಿಡಿಸುವ ಸೊಲೆನಾಯ್ಡ್ ಎಳೆಯಲು ಒಮ್ಮೆಲೇ ಜೋರಾಗಿ ಬೇಕು. ಸೊರಗಿದ ಸೆಲ್ಲಿದ್ದರೆ ಕೀಪ್ಯಾಡ್ ಬೀಪ್ ಅನ್ನುತ್ತದೆ, ದೀಪವೂ ಹತ್ತುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಚಾರ್ಜ್ ಮಾಡುವ ನಿಕ್ಕಲ್ ಸೆಲ್ಲೂ ಬೇಡ: ಒಂದೊಂದು 1.2 ವೋಲ್ಟ್, ನಾಲ್ಕು ಸೇರಿದರೆ 4.8. ನಾಲ್ಕು ಸೆಲ್ಲಿನ ಲಾಕರ್ ಲೆಕ್ಕ ಹಾಕಿರುವುದು 6ಕ್ಕೆ. 1.5 ವೋಲ್ಟಿನ ಆಲ್ಕಲೈನ್ ತನ್ನಿ, ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಹಳೆಯದರ ಜೊತೆ ಹೊಸದನ್ನು ಬೆರೆಸಿದರೆ ಹಳೆಯದು ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ ಕಟ್ಟಬಹುದು. ಮತ್ತೆ, ಮನೆಯವರಿಗೆಲ್ಲ ಹೇಳಿಡಿ: ತುರ್ತಿಗೆಂದು ಕೊಟ್ಟ ಬೀಗದ ಕೈಯನ್ನು ದಯವಿಟ್ಟು ಲಾಕರ್ ಒಳಗೇ ಇಡಬೇಡಿ.