ಅವ್ವನ ಸೀರೆ, ನಾಲ್ಕು ಕೌದಿ

ಮನೆಯೆಂದ ಮೇಲೆ ಹಳೆಯ ಅರಿವೆಗಳು ಇದ್ದೇ ಇರುತ್ತವೆ. ಹಬ್ಬಕ್ಕೊಂದು, ಮದುವೆಗೊಂದು ಎಂದು ಹೊಸ ಬಟ್ಟೆ ಬಂದಂತೆಲ್ಲ ಹಳೆಯದು ಟ್ರಂಕಿನ ತಳಕ್ಕೆ ಇಳಿಯುತ್ತ ಹೋಗುತ್ತದೆ. ಒಂದು ದಿನ ಪಾತ್ರೆಯವಳು ಓಣಿಗೆ ಬಂದಾಗ ಹತ್ತು ಬಟ್ಟೆ ಹೋಗಿ ಒಂದು ಸ್ಟೀಲಿನ ಡಬ್ಬಿ ಮನೆಗೆ ಬರುತ್ತದೆ. ಆದರೆ ನಮ್ಮ ಹಿರಿಯರ ಕಾಲದಲ್ಲಿ ಸೀರೆಯೊಂದಕ್ಕೆ ಹಲವು ಅವಸ್ಥೆಗಳಿದ್ದವು. ಮೊದಲು ಅದು ಹಬ್ಬದ ಸೀರೆ, ಆಮೇಲೆ ನಿತ್ಯದ ಸೀರೆ, ಅನಂತರ ಹೊಲಕ್ಕೆ ಉಟ್ಟುಹೋಗುವ ಸೀರೆ. ನಡು ಸವೆದು ಹರಿದ ಬಳಿಕ ತೊಟ್ಟಿಲಿನ ಬಟ್ಟೆ, ಕೂಸಿನ ಕುಂಚಿಗೆ, ರೊಟ್ಟಿ ಸುತ್ತುವ ಅರಿವೆ, ಕೌದಿ. ಕಟ್ಟಕಡೆಗೆ ಒಲೆಯ ಬದಿಯ ಮಸಿಯರಿವೆ. ಇಷ್ಟೆಲ್ಲ ಸೇವೆ ಸಲ್ಲಿಸಿದ ಮೇಲೆಯೇ ಅದು ಮಣ್ಣಿಗೆ ಸೇರುತ್ತಿತ್ತು.

ಇದನ್ನು ಬರೆಯುತ್ತಿರುವ ನಾವು ನಾಲ್ವರು ಅಕ್ಕತಂಗಿಯರು. ಒಬ್ಬಳನ್ನು ಗದಗ-ಬೆಟಗೇರಿಗೆ, ಒಬ್ಬಳನ್ನು ಲಕ್ಷ್ಮೇಶ್ವರಕ್ಕೆ, ಒಬ್ಬಳನ್ನು ಶಿರಹಟ್ಟಿಗೆ, ಕಿರಿಯಳನ್ನು ಮುಂಡರಗಿಗೆ ಕೊಟ್ಟಿದ್ದಾರೆ. ನಮ್ಮಲ್ಲಿ ಯಾರೂ ಹೊಲಿಗೆಯನ್ನು ಶಾಸ್ತ್ರೋಕ್ತವಾಗಿ ಕಲಿತವರಲ್ಲ. ಗುಂಡಿ ಹಚ್ಚುವುದು, ಲಂಗದ ಅಂಚು ಮಡಿಸುವುದು ಇಷ್ಟೇ ನಮ್ಮ ವಿದ್ಯೆಯಾಗಿತ್ತು. ಆದ್ದರಿಂದ ಸೂಜಿಗೆ ದಾರ ಪೋಣಿಸಲು ಬಂದರೆ ಸಾಕು, ನಾವು ಇಲ್ಲಿ ಹೇಳುವುದೆಲ್ಲ ಯಾವ ಗೃಹಿಣಿಗೂ ಸಾಧ್ಯವೆಂದು ಧೈರ್ಯವಾಗಿ ಹೇಳಬಲ್ಲೆವು.

ನಮ್ಮ ನಾಡು ಅರಿವೆಯ ನಾಡು. ಈ ಕಪ್ಪುನೆಲದಲ್ಲಿ ಹತ್ತಿ ಬೆಳೆಯುತ್ತದೆ. ಬೆಟಗೇರಿಯ ನೇಕಾರರ ಓಣಿಗಳು ಮಗ್ಗದ ಸಪ್ಪಳಕ್ಕೆ ಹೆಸರಾದವು. ಗಜೇಂದ್ರಗಡದ ಕಡೆಯ ಪಟ್ಟೆದ ಅಂಚಿನ ಸೀರೆ, ಇಳಕಲ್ಲಿನ ಟೋಪು ತೆನೆಯ ಸೆರಗು, ಗುಳೇದಗುಡ್ಡದ ಖಣ ಇವೆಲ್ಲ ನಮ್ಮ ಹೆಣ್ಣುಮಕ್ಕಳ ಮೈಮೇಲೆ ತಲೆಮಾರುಗಳಿಂದ ಇರುವಂಥವು. ಗಾದಿಗೆ ಹತ್ತಿ ಹಿಂಜಿ ತುಂಬಲು ನದಾಫರು ಮನೆಗೆ ಬರುತ್ತಿದ್ದರು. ಕೌದಿಗೆ ಮಾತ್ರ ಹತ್ತಿ ತುಂಬುವ ರೂಢಿ ನಮ್ಮಲ್ಲಿಲ್ಲ. ಹಳೆಯ ಅರಿವೆಯ ಪದರಗಳೇ ಅದರ ಒಡಲು, ಅದರ ಬಿಸುಪು. ಶರಣರಲ್ಲಿ ನೇಯ್ಗೆಯ ದಾಸಿಮಯ್ಯನವರಂತೆಯೇ ಸೂಜಿಕಾಯಕದ ರಾಮಿತಂದೆಯವರೂ ಇದ್ದರೆಂಬುದನ್ನು ವಾಚಕರು ಬಲ್ಲರು. ಸೂಜಿಯ ಕೆಲಸ ನಮ್ಮವರಿಗೆ ಎಂದೂ ಕೀಳಾಗಿರಲಿಲ್ಲ.

2022ರಲ್ಲಿ ನಮ್ಮ ತಾಯಿಯವರು ಲಿಂಗೈಕ್ಯರಾದರು. ವಿಧಿಗಳೆಲ್ಲ ಮುಗಿದ ಮೇಲೆ ತವರಿನಲ್ಲಿ ಅವರ ಟ್ರಂಕು ತೆರೆದಾಗ ಹನ್ನೊಂದು ಸೀರೆಗಳಿದ್ದವು. ನಾಲ್ಕು ಎಂಟು ಗಜದ ಇಳಕಲ್ ಸೀರೆಗಳು ಗಟ್ಟಿಯಾಗಿದ್ದವು. ಮಿಕ್ಕ ಏಳು ನಿತ್ಯದ ನೂಲಿನ ಸೀರೆಗಳು ಅಲ್ಲಲ್ಲಿ ಜೀರ್ಣವಾಗಿದ್ದವು. ನಡುವೆ ಇಟ್ಟಿದ್ದ ಬೇವಿನ ಎಲೆಗಳು ಒಣಗಿ ಪುಡಿಯಾಗಿದ್ದವು. ಅವನ್ನು ಏನು ಮಾಡಬೇಕೆಂಬ ಪ್ರಶ್ನೆ ಬಂತು. ಇಲ್ಲದವರಿಗೆ ಕೊಟ್ಟುಬಿಡೋಣವೆಂದು ಹಿರಿಯಕ್ಕ; ನಾಲ್ಕು ಪಾಲು ಮಾಡೋಣವೆಂದು ಲಕ್ಷ್ಮೇಶ್ವರದವಳು; ಎಲ್ಲವನ್ನೂ ಕತ್ತರಿಸಿ ಮೊಮ್ಮಕ್ಕಳಿಗೆ ಲಂಗ ಹೊಲಿಸೋಣವೆಂದು ಶಿರಹಟ್ಟಿಯವಳು. ಕಡೆಯ ಎರಡು ವರ್ಷ ಅವ್ವನ ಸೇವೆ ಮಾಡಿದವಳು ಮುಂಡರಗಿಯ ತಂಗಿ. ಅವಳು ಒಂದೇ ಮಾತು ಹೇಳಿದಳು: “ಅವ್ವನ ಸೀರಿಗೆ ಕತ್ತರಿ ಹಚ್ಚಬ್ಯಾಡ್ರಿ. ಬೇಕಾದ್ರ ನನಗೊಂದೂ ಕೊಡಬ್ಯಾಡ್ರಿ.”

ಸಂಸಾರಗಳಲ್ಲಿ ಇಂಥ ಸಂದರ್ಭ ಬಂದೇ ಬರುತ್ತದೆ. ಮಾತು ಸೀರೆಯದಾದರೂ ನೋವು ಸೀರೆಯದಲ್ಲ. ಯಾವ ಪಂಚಮಿಗೆ ಯಾರಿಗೆ ಏನು ಬಂತು, ಯಾರು ಎಷ್ಟು ಸಲ ಬಂದು ನೋಡಿದರು ಎಂಬ ಹಳೆಯ ಲೆಕ್ಕಗಳು ಆ ಟ್ರಂಕಿನಿಂದಲೇ ಹೊರಬಂದವು. ಅಂದು ನಾಲ್ವರೂ ಮಾತಿಲ್ಲದೆ ಊಟ ಮಾಡಿ, ಟ್ರಂಕಿಗೆ ಬೀಗ ಹಾಕಿ, ನಮ್ಮ ನಮ್ಮ ಬಸ್ಸು ಹತ್ತಿದೆವು. ಅದು ಹಾಗೆಯೇ ಆರು ತಿಂಗಳು ಉಳಿಯಿತು.

ಗಂಟನ್ನು ಬಿಡಿಸಿದವಳು ಬೆಟಗೇರಿಯಲ್ಲಿ ಕೂಲಿಗೆ ಕೌದಿ ಹೊಲಿಯುವ ಒಬ್ಬ ಮುದುಕಿ. ನೆರೆಮನೆಯ ಪಡಸಾಲೆಯಲ್ಲಿ ಕೌದಿ ಹಾಸಿ ಕುಳಿತಿದ್ದ ಅವಳ ಮುಂದೆ ಹಿರಿಯಕ್ಕ ಈ ಸಂಗತಿ ತೆಗೆದಾಗ ಆಕೆ ಸೂಜಿ ನಿಲ್ಲಿಸದೆ ಹೇಳಿದಳಂತೆ: “ಕತ್ತರಿ ಯಾಕ ಬೇಕ್ರಿ ಅಕ್ಕಾರ? ಎಂಟು ಗಜ ಅಂದ್ರ ಇಪ್ಪತ್ನಾಕು ಫೂಟು. ನಾಕು ಮಡಿಕಿ ಹಾಕ್ರಿ, ಆರು ಫೂಟಿನ ಕೌದಿ ಆತು. ಮುಂದ ಯಾರಿಗರ ಬ್ಯಾಡಾದ್ರ ಹೊಲಿಗಿ ಬಿಚ್ಚಿದ್ರ ಸೀರಿ ಸೀರೀನ ಐತಿ.”

ಲೆಕ್ಕ ಸರಿಯಾಗಿತ್ತು. ಸೀರೆಯ ಅಗಲ ಸುಮಾರು ನಾಲ್ಕು ಅಡಿ. ಹಿಂದೆ ಮುಂದೆ ಮಡಿಸುತ್ತ ಹೋದರೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ನಾಲ್ಕು ಪದರ ಸಿಗುತ್ತದೆ. ಕಡೆಯ ಮಡಿಕೆಯಲ್ಲಿ ಸೆರಗು ಮೇಲೆ ಬರುತ್ತದೆ. ಒಬ್ಬರು ಹೊದೆಯಲು ಅಷ್ಟು ಸಾಕು. ನಾಲ್ಕು ಸೀರೆಗೆ ನಾಲ್ಕು ಕೌದಿ, ಕತ್ತರಿಯ ಮಾತೇ ಇಲ್ಲ. ಮುಂಡರಗಿಗೆ ಫೋನು ಮಾಡಿ ಇದನ್ನು ತಿಳಿಸಿದಾಗ ತಂಗಿ ತುಸು ಹೊತ್ತು ಸುಮ್ಮನಿದ್ದು, “ಹರಿದ ಸೀರಿ ಹರದ್ರ ನಾ ಏನೂ ಅನ್ನೂದಿಲ್ಲ” ಎಂದಳು. ಹೀಗೆ ಜೀರ್ಣವಾದ ಏಳು ಸೀರೆಗಳು ಮಾತ್ರ ಕತ್ತರಿಗೆ ಬಂದವು.

ಇನ್ನು ಹೊಲಿಯುವ ಕ್ರಮವನ್ನು ಹೇಳುತ್ತೇವೆ. ಮೊದಲು ಅರಿವೆಗಳನ್ನು ಒಗೆದು ಬಿಸಿಲಿಗೆ ಚೆನ್ನಾಗಿ ಒಣಗಿಸಬೇಕು. ಬಣ್ಣ ಬಿಡುವ ಸೀರೆಯನ್ನು ಬೇರೆಯಾಗಿಯೇ ನೆನೆಸಬೇಕು. ಬಳಿಕ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಕುಳಿತುಕೊಳ್ಳುವ ಕಡೆ ಸೀರೆ ಬೇಗ ಸವೆಯುತ್ತದೆ. ಅಂಚು, ಸೆರಗುಗಳ ಬಳಿ ಗಟ್ಟಿಯಾಗಿರುತ್ತದೆ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿದಾಗ ನೂಲು ಬಿಡುವ ಭಾಗವನ್ನು ಮಸಿಯರಿವೆಗೆ ತೆಗೆದಿಡಬೇಕು. ಗಟ್ಟಿ ಭಾಗದಲ್ಲಿ ಏಳು ಇಂಚಿನ ಚೌಕಗಳನ್ನು ಕತ್ತರಿಸಿ ನಾಲ್ಕೂ ಕಡೆ ಅರ್ಧ ಇಂಚು ಒಳಗೆ ಮಡಿಸಿದರೆ ಆರು ಇಂಚಿನ ತುಂಡಾಗುತ್ತದೆ. ನಾಲ್ಕಡಿ ಅಗಲ, ಆರಡಿ ಉದ್ದದ ಕೌದಿಯ ಸುತ್ತ ಒಂದು ಸಾಲು ಹಚ್ಚಲು ಇಂಥ ಮೂವತ್ತಾರು ತುಂಡು ಬೇಕು. ನಾಲ್ಕು ಕೌದಿಗೆ ನೂರನಾಲ್ವತ್ತನಾಲ್ಕು. ಪ್ರತಿ ಸೀರೆಯಿಂದ ಇಪ್ಪತ್ತು, ಇಪ್ಪತ್ತೊಂದು ತುಂಡು ತೆಗೆದು ನಾಲ್ಕು ಗುಂಪು ಮಾಡಿದೆವು. ಅವ್ವನ ಏಳೂ ಸೀರೆಗಳು ನಾಲ್ವರ ಕೌದಿಯಲ್ಲಿಯೂ ಬಂದವು. ಪಾಲಿನ ಮಾತು ಅಲ್ಲಿಗೆ ತಾನಾಗಿಯೇ ಮುಗಿಯಿತು.

ಮಡಿಸಿದ ಸೀರೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ನಾಲ್ಕು ಮೂಲೆಗೂ ಭಾರ ಇಟ್ಟು, ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬೇಕು. ಇದನ್ನು ಬಿಟ್ಟರೆ ಪದರ ಜರುಗಿ ಕೌದಿ ಸೊಟ್ಟಗಾಗುತ್ತದೆ. ಅನಂತರ ದಪ್ಪ ನೂಲಿನ ದಾರದಿಂದ ಒಂದು ಅಂಚಿನಲ್ಲಿ ಆರಂಭಿಸಿ, ಸುತ್ತಲೂ ಹೊಲಿಯುತ್ತ, ಬೆರಳಗಲ ಒಳಸರಿದು ಮತ್ತೊಂದು ಸುತ್ತು, ಹೀಗೆ ನಡುವಿನವರೆಗೆ ಹೋಗಬೇಕು. ಸಾದಾ ಓಟದ ಹೊಲಿಗೆಯೇ ಸಾಕು. ದಾರವನ್ನು ಬಿಗಿಯಾಗಿ ಜಗ್ಗಿದರೆ ಅರಿವೆ ಮುದುಡುತ್ತದೆ. ಒಂದು ಮೊಳ ದಾರಕ್ಕಿಂತ ಹೆಚ್ಚು ಪೋಣಿಸಿದರೆ ಸಿಕ್ಕುಬೀಳುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಹೊಲಿದರೆ ಒಂದು ಕೌದಿಗೆ ಒಂದು ತಿಂಗಳು ಹಿಡಿಯುತ್ತದೆ. ಎಲ್ಲ ಹೊಲಿಗೆ ಮುಗಿದ ಮೇಲೆ ಕಚ್ಚಾ ದಾರವನ್ನು ತೆಗೆಯಬೇಕು.

ಕೌದಿ ದೊಡ್ಡ ಕೆಲಸವೆನ್ನಿಸಿದರೆ ಮೊದಲು ಸಣ್ಣವುಗಳಿಂದ ಕೈ ಪಳಗಿಸಬಹುದು. ಹಳೆಯ ಧೋತರದಲ್ಲಿ ಇಪ್ಪತ್ತು ಇಂಚಿನ ಚೌಕ ಕತ್ತರಿಸಿ ಅಂಚು ಮಡಿಸಿ ಹೊಲಿದರೆ ಜೋಳದ ರೊಟ್ಟಿ ಸುತ್ತಿಡುವ ಬಟ್ಟೆಯಾಯಿತು; ನೇರವಾಗಿ ಹೊಲಿಯಲು ಇದೇ ಮೊದಲ ಪಾಠ. ಹಾಸುವ ಚಾದರ ನಡುವೆ ಸವೆದಿದ್ದರೆ ಉದ್ದಕ್ಕೆ ಸರಿಯಾಗಿ ನಡುವೆ ಕತ್ತರಿಸಿ, ಗಟ್ಟಿಯಾದ ಎರಡು ಬದಿಗಳನ್ನು ನಡುವಿಗೆ ತಂದು ಜೋಡಿಸಿ, ಸವೆದ ಭಾಗ ಹೊರಬದಿಗೆ ಬಂದಾಗ ಅಂಚು ಮಡಿಸಿದರೆ ಇನ್ನೆರಡು ವರ್ಷ ಬಾಳುತ್ತದೆ. ಅಂಗಿಯ ಕಾಲರ್ ಮಡಿಕೆಯಲ್ಲಿ ಮಾತ್ರ ಸವೆದಿರುತ್ತದೆ. ಅದನ್ನು ಬಿಚ್ಚಿ ತಿರುವಿ ಅಲ್ಲಿಯೇ ಕೂಡಿಸಿದರೆ ಅಂಗಿ ಹೊಸದರಂತೆ ಕಾಣುತ್ತದೆ. ಜಂಪರ್ ಬಿಗಿಯಾಯಿತೆಂದು ಎಸೆಯುವ ಮೊದಲು ಒಳಬದಿ ನೋಡಿರಿ. ದರ್ಜಿಗಳು ಸಾಮಾನ್ಯವಾಗಿ ಇಂಚು, ಒಂದೂವರೆ ಇಂಚು ಬಟ್ಟೆ ಬಿಟ್ಟೇ ಹೊಲಿದಿರುತ್ತಾರೆ. ಪ್ಯಾಂಟಿನ ಕಾಲನ್ನು ಹದಿನೆಂಟು ಇಂಚು ಕತ್ತರಿಸಿ, ಒಳಹೊರಗು ಮಾಡಿ, ಕೆಳಗೆ ಎರಡು ಸಲ ಹೊಲಿದು, ಸೊಂಟದ ಪಟ್ಟಿಯನ್ನೇ ಹಿಡಿಕೆಯಾಗಿ ಹಚ್ಚಿದರೆ ಸಂತೆಯ ಚೀಲ ಸಿದ್ಧ.

ಒಂದು ಎಚ್ಚರಿಕೆ. ಕೂಸಿನ ಬಟ್ಟೆಗೆ, ಒಲೆಯ ಬಳಿಯ ಬಟ್ಟೆಗೆ ನೂಲಿನ ಅರಿವೆಯನ್ನೇ ಆರಿಸಬೇಕು. ಪಾಲಿಯೆಸ್ಟರ್, ನೈಲಾನ್ ಸೀರೆಗಳು ಬೆವರು ಹೀರುವುದಿಲ್ಲ. ಬೆಂಕಿ ತಾಕಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಅವುಗಳಿಂದ ಚೀಲ, ಹೊದಿಕೆಯ ಗವಸು ಮುಂತಾದವನ್ನು ಮಾಡಬಹುದು.

ಈ ವಿದ್ಯೆ ನಮ್ಮದು ಮಾತ್ರವಲ್ಲ. ಬಂಗಾಳದ ಹೆಣ್ಣುಮಕ್ಕಳು ಹಳೆಯ ಸೀರೆಗಳ ಪದರದ ಮೇಲೆ ಚಿತ್ರ ಬಿಡಿಸಿ ಕಾಂಥಾ ಹೊಲಿಯುತ್ತಾರೆ. ನಮ್ಮ ನೆರೆಯ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿ ಜನಾಂಗದ ತಾಯಂದಿರು ಹೊಲಿಯುವ ಕೌದಿಗಳು 2011ರಲ್ಲಿ ಅಮೆರಿಕದ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. ಮೂಲೆಗಳಲ್ಲಿ ಅವರು ಹಚ್ಚುವ ಸಣ್ಣ ಮಡಿಕೆಗಳಿಗೆ ಹೂವೆಂದೇ ಹೆಸರು. ದೂರದವರು ಗೋಡೆಗೆ ತೂಗುಹಾಕಿ ಮೆಚ್ಚುವ ವಸ್ತುವನ್ನು ನಾವು ಅಟ್ಟದ ಮೇಲೆ ಇಲಿಗಳಿಗೆ ಬಿಟ್ಟಿದ್ದೇವೆ.

ಕೂಲಿಯ ವಿಷಯದಲ್ಲಿಯೂ ಒಂದು ಮಾತು. ಆ ಮುದುಕಿ ಎರಡು ದಿನ ಬಂದು ನಮಗೆ ಕೆಲಸ ಹೇಳಿಕೊಟ್ಟಳು. ಎಷ್ಟು ಕೊಡಬೇಕೆಂದು ಕೇಳಿದಾಗ, “ನಿಮಗ ತಿಳದಷ್ಟು ಕೊಡ್ರಿ” ಎಂದಳು. ಹೊಲದ ಆಳಿನ ದಿನಗೂಲಿಗೆ ಕಡಿಮೆಯಿಲ್ಲದಂತೆ ಕೊಟ್ಟೆವು. ಅವಳು ಹಣವನ್ನು ಚಂಚಿಗೆ ಹಾಕಿಕೊಳ್ಳುತ್ತ ಹೇಳಿದ ಮಾತು ಇದು: “ಅಂಗಡ್ಯಾಗ ಬರದ ಕಿಮ್ಮತ್ತು ಕೊಡತಾರ್ರಿ. ನನ್ನ ಕೂಡ ಮಾತ್ರ ಕೌದಿಗಿ ಚೌಕಾಸಿ ಮಾಡತಾರ.” ಒಂದು ತಿಂಗಳ ಬೆನ್ನುನೋವು, ಕಣ್ಣುನೋವಿನ ಬೆಲೆಯನ್ನು ಯಂತ್ರದ ಹೊದಿಕೆಯ ಬೆಲೆಗೆ ಹೋಲಿಸುವುದು ನ್ಯಾಯವಲ್ಲ. ನೀವು ಸ್ವತಃ ಒಂದು ಸುತ್ತು ಹೊಲಿದು ನೋಡಿದರೆ ಸಾಕು, ಮುಂದೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ. ಹೊಲಿಗೆಯನ್ನು ಕಲಿಯುವುದರಿಂದ ಆಗುವ ಲಾಭಗಳಲ್ಲಿ ಇದೂ ಒಂದು.

ನಮ್ಮ ಮೂವರ ಕೌದಿಗಳು ಮುಗಿದು ಬಳಕೆಯಲ್ಲಿವೆ. ಲಕ್ಷ್ಮೇಶ್ವರದ್ದು ಮಗಳ ಬಾಣಂತನಕ್ಕೆ ಬಂತು. ಶಿರಹಟ್ಟಿಯದು ಒಂದು ಸಲ ಒಗೆದ ಮೇಲೆ ಇನ್ನೂ ಮೆತ್ತಗಾಗಿದೆ. ಮುಂಡರಗಿಯ ತಂಗಿಯದು ಮಾತ್ರ ಇನ್ನೂ ಮುಗಿದಿಲ್ಲ. ನಡುವೆ ಒಂದು ಗೇಣು ಜಾಗ ಉಳಿಸಿಕೊಂಡು ವಾರಕ್ಕೆ ನಾಲ್ಕು ಹೊಲಿಗೆ ಹಾಕುತ್ತಾಳೆ. ನಾವು ಅವಸರ ಮಾಡಿಲ್ಲ. ಅವಳ ಮನೆಗೆ ಹೋದಾಗ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಕೂಡುತ್ತೇವೆ, ಮಾತು ತಾನಾಗಿಯೇ ನಡೆಯುತ್ತದೆ.

ತಾಯಂದಿರೇ, ಸೋದರಿಯರೇ, ಮುಂದಿನ ಸಲ ಪಾತ್ರೆಯವಳು ಕೂಗಿದಾಗ ಬಟ್ಟೆಯ ಗಂಟನ್ನು ಒಮ್ಮೆ ಬಿಚ್ಚಿ ನೋಡಿರಿ. ಅದರಲ್ಲಿ ಒಂದು ನೂಲಿನ ಸೀರೆ ಇದ್ದರೆ ಅದನ್ನು ಬದಿಗೆ ತೆಗೆದಿಡಿರಿ. ಮನೆಯ ಮಗಳಿಗೂ ಮಗನಿಗೂ ಒಂದೊಂದು ಸೂಜಿ ಕೊಡಿರಿ. ಇಷ್ಟನ್ನು ಬಿನ್ನವಿಸಿ ವಿರಮಿಸುತ್ತೇವೆ.