ಮೂಗಿಗೆ ಎಷ್ಟು ನೆರಳು ಬೇಕು

ಮದುವೆಯ ಸೀಸನ್ ಬಂತೆಂದರೆ ಮಂಗಳೂರಿನ ಅತ್ತಾವರದ ಪಾರ್ಲರುಗಳ ದೀಪ ಬೆಳಕು ಹರಿಯುವ ಮೊದಲೇ ಹೊತ್ತಿಕೊಳ್ಳುತ್ತದೆ. ಕೆ.ಎಂ.ಸಿ. ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸುಗಳು ಇನ್ನೂ ಮನೆಗೆ ಹೊರಟಿರುವುದಿಲ್ಲ, ಸೆಂಟ್ರಲ್ ಸ್ಟೇಷನ್ನಿನ ಎದುರಿನ ರಿಕ್ಷಾದವರು ಮೊದಲ ಚಹಾ ಕುಡಿಯುತ್ತಿರುತ್ತಾರೆ. ಅಷ್ಟರಲ್ಲಿ ಮದುಮಗಳು ಕೂದಲನ್ನೆಲ್ಲ ಹಿಂದಕ್ಕೆ ಎತ್ತಿ ಕಟ್ಟಿಕೊಂಡು ಕನ್ನಡಿಯ ಮುಂದೆ ಕೂತಾಗಿರುತ್ತದೆ. ನೆಂಟರ ಮತ್ತು ನೆರೆಮನೆಯ ಹುಡುಗಿಯರ ಜೊತೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಈ ಕೆಲಸವನ್ನು ನೋಡುವುದು ನನಗೆ ಬಹಳ ಇಷ್ಟ. ಇದು ಕೈಯ ವಿದ್ಯೆ, ಕಣ್ಣಿನ ವಿದ್ಯೆ. ಇದನ್ನು ಬರೀ ಥಳಕು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು ಹಚ್ಚುವುದು ಫೌಂಡೇಶನ್. ಹಣೆ, ಕೆನ್ನೆ, ಗಲ್ಲ, ಕತ್ತು ಎಲ್ಲಕ್ಕೂ ಒಂದೇ ಬಣ್ಣ. ಕಲೆಗಳು ಹೋಗುತ್ತವೆ, ಕಣ್ಣಿನ ಕೆಳಗಿನ ಕಪ್ಪು ಹೋಗುತ್ತದೆ. ಅದರ ಜೊತೆಗೆ ಇನ್ನೊಂದೂ ಹೋಗುತ್ತದೆ: ಕೆನ್ನೆಯ ಮೂಳೆಯ ಕೆಳಗಿನ ಸಣ್ಣ ತಗ್ಗು, ಮೂಗಿನ ಪಕ್ಕದ ನೆರಳು, ಹಣೆಯ ಅಂಚಿನ ಮಬ್ಬು. ಮುಖ ಸಪಾಟಾಗುತ್ತದೆ. ಕಾಂಟೂರಿಂಗ್ ಶುರುವಾಗುವುದು ಇಲ್ಲಿ. ಚರ್ಮಕ್ಕಿಂತ ಒಂದೆರಡು ಛಾಯೆ ಗಾಢವಾದ, ಹೊಳಪಿಲ್ಲದ ಬಣ್ಣದಿಂದ ಕಳೆದುಹೋದ ನೆರಳುಗಳನ್ನು ಮತ್ತೆ ಇಡುತ್ತಾರೆ. ಬೆಳಕು ಬೀಳುವ ಕಡೆ, ಅಂದರೆ ಕೆನ್ನೆಯ ಮೂಳೆಯ ಮೇಲೆ, ಹುಬ್ಬಿನ ಕೆಳಗೆ, ಮೇಲ್ದುಟಿಯ ನಡುವಿನ ಬಾಗಿನಲ್ಲಿ, ಹೈಲೈಟರ್ ಮುಟ್ಟಿಸುತ್ತಾರೆ. ನೆರಳಿಟ್ಟದ್ದು ಹಿಂದೆ ಸರಿಯುತ್ತದೆ, ಬೆಳಕಿಟ್ಟದ್ದು ಮುಂದೆ ಬರುತ್ತದೆ. ಎಲ್ಲ ಚಿತ್ರಕಾರರಿಗೂ ಗೊತ್ತಿರುವ ಸಂಗತಿ ಇದು.

ಮುಖದ ಆಕಾರಕ್ಕೆ ತಕ್ಕಂತೆ ನೆರಳಿನ ಜಾಗ ಬದಲಾಗುತ್ತದೆ. ದುಂಡು ಮುಖಕ್ಕೆ ಎರಡೂ ಬದಿಗೆ, ಚೌಕ ಮುಖಕ್ಕೆ ದವಡೆಯ ಮೂಲೆಗೆ, ಉದ್ದ ಮುಖಕ್ಕೆ ಹಣೆಯ ಮೇಲಂಚಿಗೆ ಮತ್ತು ಗಲ್ಲದ ತುದಿಗೆ. ಈ ನಿಯಮಗಳೆಲ್ಲ ಕೊನೆಗೆ ಒಂದೇ ಕಡೆ ಹೋಗಿ ಮುಟ್ಟುತ್ತವೆ: ಮುಖ ಓವಲ್ ಆಗಿ, ಮೊಟ್ಟೆಯಾಕಾರದಲ್ಲಿ ಕಾಣಬೇಕು. ಉದ್ದ ಅಗಲದ ಸುಮಾರು ಒಂದೂವರೆ ಪಟ್ಟು, ಕೆನ್ನೆಯ ಹತ್ತಿರ ಹೆಚ್ಚು ಅಗಲ, ಗಲ್ಲ ಮೆಲ್ಲನೆ ಕಿರಿದಾಗಿ ದುಂಡಗೆ ಮುಗಿಯುವುದು, ಇದು ಓವಲ್‌ನ ಲಕ್ಷಣ. ಒಂದು ಮುಖ ಎಲ್ಲರಿಗೂ ಗುರಿಯಾಗಬೇಕೆಂಬ ಈ ಲೆಕ್ಕಾಚಾರವೇ ನನಗೆ ಹಿಡಿಸುವುದಿಲ್ಲ. ದುಂಡು ಮುಖದ ಚೆಲುವು ದುಂಡು ಮುಖದಲ್ಲೇ ಇದೆ. ಆದರೆ ಓವಲ್ಲೇ ಗುರಿ ಎಂದು ಒಪ್ಪುವವರ ಲೆಕ್ಕದಲ್ಲೇ ನೋಡಿದರೂ, ಹುಟ್ಟಿನಿಂದಲೇ ಮೊಟ್ಟೆಯಾಕಾರದ ಮುಖ ಇರುವವಳಿಗೆ ತಿದ್ದುವಂಥದ್ದು ಏನು ಉಳಿಯಿತು? ಫೌಂಡೇಶನ್ ಅಳಿಸಿದ್ದನ್ನು ಅವಳಿಗೆ ವಾಪಸ್ ಕೊಟ್ಟರೆ ಸಾಕು.

ಬಣ್ಣದಿಂದ ಮುಖವನ್ನು ಅಳಿಸಿ ಹೊಸದಾಗಿ ಬರೆಯುವುದು ಕರಾವಳಿಯವರಾದ ನಮಗೆ ಹೊಸತಲ್ಲ. ಯಕ್ಷಗಾನದ ಚೌಕಿಗೆ ಹೋಗಿ ಒಂದು ಗಳಿಗೆ ನಿಂತರೆ ಕಾಣುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷದವರು ಸಣ್ಣ ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯಿಂದ ಸಾಲಾಗಿ ಇಡುತ್ತ ಗಂಟೆಗಟ್ಟಲೆ ಕೂತಿರುತ್ತಾರೆ. ಎದ್ದಾಗ ಆ ಮನುಷ್ಯ ಇರುವುದಿಲ್ಲ, ರಾವಣನೋ ಮಹಿಷಾಸುರನೋ ಇರುತ್ತಾನೆ. ದೊಂದಿಯ, ಆಮೇಲೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಗದ್ದೆಯ ಆಚೆಬದಿ ಕೂತವನಿಗೂ ಆ ಮುಖ ಕಾಣಬೇಕಿತ್ತು, ಅದಕ್ಕೆ ಅಷ್ಟು ದಪ್ಪ ಗೆರೆ. ಇನ್ನು ಸ್ತ್ರೀವೇಷ. ಕೋಳ್ಯೂರು ರಾಮಚಂದ್ರ ರಾವ್, ಪಾತಾಳ ವೆಂಕಟರಮಣ ಭಟ್ ಅವರಂಥವರು ರಂಗಕ್ಕೆ ಬಂದಾಗ ನೋಡುವವರಿಗೆ ಗಂಡಸಿನ ದವಡೆ ನೆನಪಾಗುತ್ತಿರಲಿಲ್ಲ. ಅಲ್ಲಿ ಬಣ್ಣದ ಉದ್ದೇಶವೇ ಇನ್ನೊಬ್ಬರಾಗುವುದು. ಸಿನಿಮಾದ ಬಣ್ಣವೂ ರಂಗಭೂಮಿಯಿಂದ ಬಂದದ್ದೇ. 1914ರಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ನಾಟಕದ ದಪ್ಪ ಬಣ್ಣದ ಬದಲಿಗೆ ಕ್ಯಾಮೆರಾದ ಹತ್ತಿರಕ್ಕೆ ಹೊಂದುವ ತೆಳುವಾದ ಕೆನೆಬಣ್ಣ ಮಾಡಿಕೊಟ್ಟರು. 2012ರಲ್ಲಿ ಕಿಮ್ ಕಾರ್ಡಾಷಿಯನ್ ಮುಖದ ತುಂಬ ಕಂದು ಬಿಳಿ ಪಟ್ಟೆ ಬಳಿದುಕೊಂಡ ಫೋಟೊ ಹಾಕಿದ ಮೇಲಂತೂ ವೇಷಕ್ಕೆ ಬೇಕಾದ ಗೆರೆ ಮನೆಮನೆಯ ಹುಡುಗಿಯರ ಮುಖಕ್ಕೆ ಬಂತು.

ಮದುಮಗಳು ವೇಷ ಕಟ್ಟಲು ಕೂತವಳಲ್ಲ. ಮಂಟಪದಲ್ಲಿ ಕೂರುವವಳು ಅವಳೇ ಆಗಿರಬೇಕು.

ಈ ಸಲ ನೆಂಟರ ಹುಡುಗಿಯೊಬ್ಬಳ ಮದುವೆ ಮೇಕಪ್ಪಿನ ಟ್ರಯಲ್‌ಗೆ ಹೋಗಿದ್ದೆ. ಒಳ್ಳೆಯ ಮೊಟ್ಟೆಯಾಕಾರದ ಮುಖ, ಎಣ್ಣೆಗಪ್ಪು ಬಣ್ಣ, ನಮ್ಮ ಕಡೆಯ ಸ್ವಲ್ಪ ಅಗಲವಾದ ಮೂಗು. ಬ್ಯೂಟಿಷಿಯನ್ ಕೈಯ ಹಿಂಬದಿಯ ಮೇಲೆ ಎರಡು ಕಂದು ಗೆರೆ ಎಳೆದು ಹುಡುಗಿಯ ದವಡೆಯ ಹತ್ತಿರ ಹಿಡಿದಳು. ಒಂದು ಬೂದಿಯ ಹಾಗೆ ಕಂಡಿತು. ಇನ್ನೊಂದರಲ್ಲಿ ಕೆಂಪಿನ ಅಂಶ ಇತ್ತು, ಅದು ಚರ್ಮದೊಳಗೆ ಕೂಡಿಕೊಂಡಿತು.

"ಇದು ಬಿಳಿ ಚರ್ಮದವರಿಗೆ ಮಾಡಿದ್ದು ಅಕ್ಕ, ನಮ್ಮವರಿಗೆ ಹಾಕಿದ್ರೆ ಕೆಸರು ಮೆತ್ತಿದ ಹಾಗೆ ಕಾಣ್ತದೆ," ಎಂದು ಮೊದಲಿನದನ್ನು ಪಕ್ಕಕ್ಕಿಟ್ಟಳು.

"ಮೂಗು ಸಪೂರ ಮಾಡ್ಲಿಕ್ಕೆ ಆಗ್ತದಾ?" ಹುಡುಗಿ ಕೇಳಿದಳು.

"ಆಗ್ತದೆ. ಆದ್ರೆ ನೀನು ಆಚೆ ಈಚೆ ತಿರುಗಿದ್ರೆ ಗೆರೆ ಕಾಣ್ತದೆ ಮಾರಾಯ್ತಿ. ಫೋಟೊದಲ್ಲಿ ಒಂದು ಮೂಗು, ಊಟಕ್ಕೆ ಕೂತಾಗ ಇನ್ನೊಂದು ಮೂಗು. ಬೇಕಾ?"

ಹುಡುಗಿ ನಕ್ಕಳು. ಬ್ಯೂಟಿಷಿಯನ್ ಕಿವಿಯ ಹತ್ತಿರದಿಂದ ಬಾಯಿಯ ಮೂಲೆಯ ಕಡೆಗೆ ಬ್ರಷ್ ಎಳೆದು, ಕಣ್ಣಿನ ಹೊರತುದಿಯ ನೇರಕ್ಕೆ ಬಂದಾಗ ನಿಲ್ಲಿಸಿದಳು. ಅಲ್ಲಿಂದ ಮುಂದೆ ಬಂದರೆ ಕೆನ್ನೆ ಬತ್ತಿದಂತೆ ಕಾಣುತ್ತದಂತೆ. ಆಮೇಲೆ ಒದ್ದೆ ಸ್ಪಂಜಿನಿಂದ ಮೇಲ್ಮುಖವಾಗಿ ತಟ್ಟಿದಳು, ಉಜ್ಜಲಿಲ್ಲ. ಕಣತಲೆಯ ಹತ್ತಿರ ಒಂದಿಷ್ಟು, ದವಡೆಯ ಅಡಿಗೆ ಒಂದಿಷ್ಟು. ಹೈಲೈಟರ್‌ಗೆ ಬೆಳ್ಳಿಯ ಬಣ್ಣ ಬೇಡವೆಂದು ಬಂಗಾರದ ಛಾಯೆಯದನ್ನು ಬೆರಳ ತುದಿಯಲ್ಲಿ ತೆಗೆದು ಕೆನ್ನೆಯ ಮೂಳೆಗೆ ಮಾತ್ರ ಮುಟ್ಟಿಸಿದಳು. ಮೂಗಿನ ಮೇಲೆ ಇಡಲಿಲ್ಲ. ಮೂಗುತಿಯ ಕಲ್ಲು ಹೊಳೆಯುವ ಕಡೆ ಇನ್ನೊಂದು ಹೊಳಪು ಯಾಕೆ? ಅವಳು ಹಾಗೆ ಹೇಳಲಿಲ್ಲ, ಇದು ನನ್ನ ಅಭಿಪ್ರಾಯ.

ಮಂಗಳೂರಿನ ಸೆಕೆಯೂ ಕಡಿಮೆ ಬಣ್ಣದ ಪರವೇ. ಏಪ್ರಿಲ್, ಮೇ ತಿಂಗಳಲ್ಲಿ ಹಾಲ್‌ಗೆ ಎ.ಸಿ. ಇದ್ದರೂ ಹೋಮದ ಹೊಗೆ, ಜರಿಸೀರೆ, ತಲೆತುಂಬ ಮಲ್ಲಿಗೆ, ನೆಂಟರ ಸಂದಣಿ; ಬೆವರು ಬಿಡುವುದಿಲ್ಲ. ಪದರದ ಮೇಲೆ ಪದರ ಹಚ್ಚಿದ ಬಣ್ಣ ಮೂಗಿನ ಪಕ್ಕದಲ್ಲಿ ಒಡೆದು ನಿಲ್ಲುತ್ತದೆ. ಕೆನೆಯ ಕಾಂಟೂರನ್ನು ಪೌಡರಿಗಿಂತ ಮೊದಲು ಹಚ್ಚಿ, ಮೇಲೆ ತೆಳ್ಳಗೆ ಪೌಡರ್ ಒತ್ತಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಪೌಡರ್ ಹಚ್ಚಿದ ಮೇಲೆ ಕೆನೆ ಬಳಿದರೆ ತೇಪೆತೇಪೆ. ಸಿಲಿಕಾ ಇರುವ ಬಿಳಿ ಪೌಡರ್ ಹೆಚ್ಚಾದರೂ ಕಷ್ಟ. ಕಣ್ಣಿಗೆ ಕಾಣದ ಆ ಪುಡಿ ಕ್ಯಾಮೆರಾದ ಫ್ಲ್ಯಾಷ್ ಬಿದ್ದಾಗ ಕಣ್ಣಿನ ಕೆಳಗೆ ಬಿಳಿ ಮಚ್ಚೆಯಾಗಿ ಮೂಡುತ್ತದೆ, ಆಲ್ಬಮ್ ಬಂದ ಮೇಲೆ ಸರಿಮಾಡಲು ಬರುವುದಿಲ್ಲ.

ಮಂಗಳೂರಿನಲ್ಲೇ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯಾದ ಮೇಲೆ ಅವರ ಫೋಟೊ ನಮ್ಮ ಊರಿನ ಎಷ್ಟೋ ಪಾರ್ಲರುಗಳ ಗೋಡೆ ಏರಿತ್ತು. ಈಗ ಹುಡುಗಿಯರು ಮೊಬೈಲಿನಲ್ಲಿ ಬೇರೆ ಬೇರೆ ಮುಖ ತೋರಿಸಿ ಹೀಗೆ ಮಾಡಿ ಎನ್ನುತ್ತಾರೆ. ಬೇಡಿಕೆ ಹಳೆಯದೇ. ಅದನ್ನು ಕೇಳಿಸಿಕೊಂಡು, ಕೂತವಳ ಮುಖವನ್ನೇ ಸರಿಯಾಗಿ ನೋಡಿ, ಇದು ನಿನಗೆ ಬೇಡ ಎನ್ನುವ ಧೈರ್ಯ ಇರುವ ಬ್ಯೂಟಿಷಿಯನ್‌ಳನ್ನೇ ನಾನು ಒಳ್ಳೆಯ ಕೆಲಸಗಾರ್ತಿ ಎನ್ನುತ್ತೇನೆ. ಹಾಗೆ ಹೇಳಿದ್ದರಿಂದ ಅವಳ ಪ್ಯಾಕೇಜಿನ ಹಣ ಕಡಿಮೆಯಾಗುವುದಾದರೆ ಆ ಕಡಿಮೆಯಾದ ಹಣವನ್ನೂ ಕೊಟ್ಟೇ ಬರಬೇಕು. ಬಣ್ಣ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಕ್ಕೂ ವರ್ಷಗಳ ಅಭ್ಯಾಸ ಬೇಕು.

ಮದುವೆಗೆ ಸಿದ್ಧಳಾಗುತ್ತಿರುವವಳೇ, ನಿನ್ನಲ್ಲಿ ಒಂದು ಕೋರಿಕೆ. ಟ್ರಯಲ್ ಮುಗಿದ ಕೂಡಲೇ ಪಾರ್ಲರಿನ ಟ್ಯೂಬ್‌ಲೈಟಿನ ಕೆಳಗೇ ಒಪ್ಪಿಗೆ ಕೊಟ್ಟುಬಿಡಬೇಡ. ಹೊರಗಿನ ಜಗಲಿಗೆ ಬಂದು ಹಗಲು ಬೆಳಕಿನಲ್ಲಿ ಕನ್ನಡಿ ನೋಡು, ಎಡಕ್ಕೆ ಬಲಕ್ಕೆ ತಿರುಗಿ ನೋಡು. ಗೆರೆ ಕಂಡರೆ ಒಳಗೆ ಹೋಗಿ ಇನ್ನೂ ತೆಳು ಮಾಡಿಸು. ಮೂಗನ್ನು ಇದ್ದ ಹಾಗೇ ಬಿಡಲು ಹೇಳು.