ಸೀರೆ ಚೀಲ ಹಿಡಿದು ರಾಮನಗುಳಿಗೆ

ಕಾರವಾರದಿಂದ ಅಂಕೋಲೆಗೆ ಹೋಗುವವರು ಬಸ್ಸಿನ ಬಲಗಡೆಯ ಕಿಟಕಿ ಹಿಡಿಯಬೇಕು. ಹಿಡಿದರೂ ಸಮುದ್ರ ಈಗ ಬಿಟ್ಟು ಬಿಟ್ಟು ಕಾಣುತ್ತದೆ. ಬಿಣಗಾ ದಾಟಿದ್ದೇ ಅರ್ಗಾದಲ್ಲಿ ನೌಕಾನೆಲೆಯ ಗೋಡೆ ಶುರು. ಆ ನೆಲೆಯ ಸೀಬರ್ಡ್ ಯೋಜನೆಗೆ ಮನೆ, ಗದ್ದೆ ಬಿಟ್ಟುಕೊಟ್ಟವರು ತೋಡೂರಿನಂಥ ಕಡೆ ಕಾಲೊನಿ ಸೇರಿದರು. 2005ರಲ್ಲಿ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಲ್ಲಿ ಕಾರ್ಯಾರಂಭ ಮಾಡಿತು. ಅಮದಳ್ಳಿ ಬಂದರೆ ಅಮ್ಮ ಕೂತಲ್ಲಿಂದಲೇ ವೀರಗಣಪತಿಗೆ ಕೈಮುಗಿಯುತ್ತಿದ್ದಳು. ಈ ಸಲ ನನ್ನ ಕೈ ಖಾಲಿ ಇರಲಿಲ್ಲ. ತೊಡೆಯ ಮೇಲೆ ಅವಳ ಸೀರೆಗಳ ಚೀಲವಿತ್ತು.

ಕೋಡಿಬಾಗದ ಮನೆಯ ಕಪಾಟನ್ನು ಅಮ್ಮ ಹೋದಮೇಲೆ ಯಾರೂ ಮುಟ್ಟಿರಲಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದು ಅವಳು ಫೋನಿನಲ್ಲಿ ನನಗೆ ಹೇಳಿದ ಕೊನೆಯ ದೊಡ್ಡ ಸುದ್ದಿ. ನೀರಿಗೆ ಬಿದ್ದ ಲಾರಿಯ ಡ್ರೈವರ್ ಬದುಕಿದ ಎನ್ನುವಲ್ಲಿಗೆ ನಿಲ್ಲಿಸಿ, "ನಿಂದು ಊಟ ಆಯ್ತಾ?" ಎಂದಿದ್ದಳು. ಸೀರೆಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದವರೇ ಹೆಚ್ಚು. ಚಿಕ್ಕಮ್ಮ ಮಾತ್ರ ಕವಂದಿ, ಅಂದರೆ ಹಳೆ ಬಟ್ಟೆ ತುಂಡುಗಳ ಹೊದಿಕೆ, ಹೊಲಿಸೋಣ ಎಂದಳು. ಅವಳು ರಾಮನಗುಳಿ ಕಡೆ ಶಾಲೆ ಕಲಿಸಿದವಳು. ಅಲ್ಲಿನ ಸಿದ್ದಿ ಮನೆಗಳ ದಾರಿ ಅವಳಿಗೆ ಗೊತ್ತು.

ಅಂಕೋಲೆಯಲ್ಲಿ ಬಸ್ ಬದಲಿಸುವಾಗ ಹೊತ್ತಿತ್ತು. ಸ್ಟ್ಯಾಂಡಿನಲ್ಲಿ ಕೊರಳ ತುಂಬ ಮಣಿಸರದ ಹಾಲಕ್ಕಿ ಹೆಂಗಸರು ಬುಟ್ಟಿ ಇಳಿಸಿ ಕೂತಿದ್ದರು. ಇದೇ ತಾಲೂಕಿನ ಹಾಲಕ್ಕಿಯವರೇ ಆದ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಬಡಗೇರಿಯ ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಒಬ್ಬರು ಗಿಡ ಬೆಳೆಸಿ, ಇನ್ನೊಬ್ಬರು ಹಾಡಿ ಪದ್ಮಶ್ರೀ ಪಡೆದವರು. ಎರಡು ತಿಂಗಳಲ್ಲಿ ಇಬ್ಬರೂ ಹೋದರಲ್ಲ ಎಂದು ಚಿಕ್ಕಮ್ಮ ಬುಟ್ಟಿಯವಳೊಂದಿಗೆ ಮಾತು ಶುರು ಮಾಡಿ, ಕೊನೆಗೆ ಬಸಳೆ ಕಟ್ಟಿನ ದರಕ್ಕೆ ಬಂದು ನಿಂತಳು. ದುಃಖದ ಮಾತನ್ನು ಹೀಗೆ ಸಲೀಸಾಗಿ ಸಂತೆಗೆ ತಿರುಗಿಸುವುದು ನನಗೆ ಆಗುವುದಿಲ್ಲ.

ಬಾಳೆಗುಳಿ ಕ್ರಾಸಿನಿಂದ ಹುಬ್ಬಳ್ಳಿ ರಸ್ತೆ. ಲಾರಿಗಳ ಹೊಗೆ ಕುಡಿಯುತ್ತ ಕಾಡು ಹೊಕ್ಕೆವು. ಘಟ್ಟದ ಮೇಲೆ ಬೇಡ್ತಿ ಎನಿಸಿಕೊಂಡು ಇಲ್ಲಿ ಗಂಗಾವಳಿಯಾಗುವ ಹೊಳೆ ಆಗಾಗ ಮರಗಳ ಸಂದಿಯಲ್ಲಿ ಕಂಡು ಮರೆಯಾಗುತ್ತಿತ್ತು. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಈ ಕಾಡುಗಳಿಗೆ ಬಂದರು. ಅವರ ಮಕ್ಕಳು ಮೊಮ್ಮಕ್ಕಳಾದ ಸಿದ್ದಿಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳಲ್ಲಿ ಹರಡಿಕೊಂಡಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಲು 2003ರವರೆಗೆ ಕಾಯಬೇಕಾಯಿತು. ಅವರ ಕವಂದಿಗಳನ್ನು ಹೆನ್ರಿ ಡ್ರೂವಾಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರ ಅಭ್ಯಾಸ ಮಾಡಿ ಅಲ್ಲಿ ಪ್ರದರ್ಶನಕ್ಕೂ ಇಟ್ಟರು. ನಾನು ಮಾತ್ರ ಕಾರವಾರದಲ್ಲಿ ಬೆಳೆದೂ ಒಂದನ್ನೂ ಹೊದ್ದಿರಲಿಲ್ಲ.

ರಾಮನಗುಳಿಯಲ್ಲಿ ಇಳಿದು ಚಿಕ್ಕಮ್ಮ ಕರೆದೊಯ್ದ ಮನೆಯಲ್ಲಿ ಸಿದ್ದಿ ಅಜ್ಜಿಯೊಬ್ಬರು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಚೀಲ ಸುರಿದೆ. ನಾನು ಜೋಪಾನವಾಗಿ ಮೇಲಿಟ್ಟಿದ್ದ ರೇಷ್ಮೆ ಸೀರೆಯನ್ನೇ ಮೊದಲು ಬದಿಗೆ ತಳ್ಳಿದರು.

"ಇದು ಬ್ಯಾಡ ತಂಗಿ. ಜಾರ್ತದೆ, ಜರಿ ಚುಚ್ತದೆ. ದಿನಾ ಉಟ್ಟಿದ್ದು ತಂದಿಲ್ವಾ?"

ದಿನಾ ಉಟ್ಟವು ಚೀಲದ ತಳದಲ್ಲಿದ್ದವು. ಒಗೆದೊಗೆದು ಬಣ್ಣ ಹೋದ ನೂಲಿನ ಸೀರೆಗಳು, ಹರಿದ ರವಿಕೆಗಳು. ಅಡುಗೆಮನೆಯಲ್ಲಿ ಒರೆಸಲು ಇರಲಿ ಎಂದು ನಾನೇ ಮೊದಲು ಬೇರೆ ತೆಗೆದಿಟ್ಟವು. ಅಜ್ಜಿ ಅವನ್ನು ಬೆರಳಲ್ಲಿ ಉಜ್ಜಿ ನೋಡಿ, ನೀಲಿ ಸೀರೆಯೊಂದನ್ನು ಅಡಿಗೆ ಹಾಸಿದರು. ಕವಂದಿಗೆ ಹತ್ತಿ ತುಂಬುವುದಿಲ್ಲ, ಚೌಕಟ್ಟಿಗೆ ಬಿಗಿಯುವುದೂ ಇಲ್ಲ. ನೆಲದ ಮೇಲೆ ಹಾಸಿ, ಮೂಲೆಯಿಂದ ಅಂಚು ಮಡಚುತ್ತ, ತುಂಡಿನ ಮೇಲೆ ತುಂಡು ಇಡುತ್ತ, ಸುತ್ತುಸುತ್ತಾಗಿ ನಡುವಿನ ಕಡೆ ಹೊಲಿಯುತ್ತ ಬರಬೇಕು. ಸೂಜಿ ನನ್ನ ಕೈಗೇ ಕೊಟ್ಟರು. ನನ್ನ ಹೊಲಿಗೆ ಕಂಡು ಚಿಕ್ಕಮ್ಮ ನಕ್ಕಳು. ಅಜ್ಜಿ ನಗದೆ ಬಿಚ್ಚಿಸಿದರು.

ಒಂದು ತುಂಡಿನಲ್ಲಿ ಅಮ್ಮನ ಕೈಯ ಅರಿಸಿನದ ಕಲೆಯಿತ್ತು. ಇದು ಮೇಲೆ ಕಾಣಲಿ ಎಂದೆ.

"ಕಲೆ ಮ್ಯಾಲೆ ಹಾಕಿ ಎಂತ ಮಾಡ್ತೆ?" ಎಂದು ಅದನ್ನು ಒಳಗೆ ಮಡಚಿಬಿಟ್ಟರು.

ವಾದ ಮಾಡಲಿಲ್ಲ. ದಾರ ಮುಗಿದಾಗಷ್ಟೇ ತಲೆ ಎತ್ತುವ ಕೆಲಸ ಅದು. ಮನೆಯಲ್ಲಿ ಆ ಸೀರೆಗಳನ್ನು ಮುಟ್ಟಿದರೆ ಮೂಗಿಗೊತ್ತಿಕೊಂಡು ಕೂರುತ್ತಿದ್ದೆ; ಇಲ್ಲಿ ಎಳೆ ನೋಡಬೇಕು, ಅಂಚು ಮಡಚಬೇಕು, ಸೂಜಿ ಅಡಿಬಟ್ಟೆಗೆ ತಾಗಿತೇ ಎಂದು ಕೈಯಾಡಿಸಬೇಕು. ಚಿಕ್ಕಮ್ಮ ಪ್ರತಿ ತುಂಡಿಗೂ ಒಂದು ಕತೆ ಹೇಳುತ್ತಿದ್ದಳು. ಈ ಹಸಿರು ಸೀರೆ ಅಂಕೋಲೆಯ ಬಂಡಿಹಬ್ಬಕ್ಕೆ ಬಂದಾಗ ತೆಗೆದದ್ದು, ಬಣ್ಣ ಬಿಡುತ್ತದೆಂದು ಅಮ್ಮ ಅಂಗಡಿಯವನ ಜತೆ ಜಗಳವಾಡಿದ್ದಳಂತೆ. ನನಗೆ ಗೊತ್ತೇ ಇಲ್ಲದ ಜಗಳ. ಕೇಳುತ್ತ ಕೇಳುತ್ತ ಒಂದು ಬದಿಯ ಅಂಚು ಮುಗಿದೇಹೋಯಿತು.

ಸತ್ತವರ ಬಟ್ಟೆ ಹೊಲಿಯಲು ನಿಮಗೇನೂ ಅನ್ನಿಸುವುದಿಲ್ಲವೇ ಎಂದು ಹೊರಡುವಾಗ ಕೇಳಿದೆ.

"ತೊಳೆದಿದ್ದು ಹೌದಲ್ಲ?" ಎಂದರು ಅಜ್ಜಿ.

ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು, ಅವರು 'ಫುಲಾ' ಎನ್ನುವುದು, ಇಡಲೇಬೇಕಂತೆ. ಇಲ್ಲದಿದ್ದರೆ ಕವಂದಿ ಬೆತ್ತಲೆ. ಅದಕ್ಕೆ ಕೆಂಪು ರವಿಕೆ ತೆಗೆದಿಡು, ಅರ್ಧ ಹೊಲಿದ ಮೇಲೆ ತಕಂಡು ಬಾ ಎಂದು ಸುರುಳಿ ಸುತ್ತಿ ಕೊಟ್ಟರು. ಅಂಕೋಲೆ ಬಸ್ಸಿನಲ್ಲಿ ಚಿಕ್ಕಮ್ಮ ರೇಷ್ಮೆ ಸೀರೆಯನ್ನು ತನ್ನ ತೊಡೆಗೆಳೆದುಕೊಂಡಳು. ಬರುವ ತಿಂಗಳು ಮದುವೆಯಿದೆ, ತಾನೇ ಉಡುತ್ತೇನೆ, ರವಿಕೆ ಮಾತ್ರ ಹೊಸದು ಹೊಲಿಸಬೇಕು ಎಂದಳು.